ಎರಡು ತೆರೆಗಳ ನಡುವೆ ಕಿಟಕಿಯ ನೆಲೆ

ಮೇಜಿನ ಮೇಲೆ ಎರಡು ಮಾನಿಟರುಗಳನ್ನು ಜೋಡಿಸಿಕೊಂಡು, ಎಡಗಡೆಯದರಲ್ಲಿ ಆಕರಗ್ರಂಥವನ್ನೂ ಬಲಗಡೆಯದರಲ್ಲಿ ತಾನು ಬರೆಯುತ್ತಿರುವ ಲೇಖನವನ್ನೂ ತೆರೆದಿಟ್ಟು ದುಡಿಯುವವನು, ಊಟ ಮುಗಿಸಿ ಮರಳುವ ವೇಳೆಗೆ ಎಡಗಡೆಯ ಕಿಟಕಿಗಳೆಲ್ಲ ಬಲದ ತೆರೆಗೆ ಬಂದು ಒಂದರ ಮೇಲೊಂದು ಬಿದ್ದಿರುವುದನ್ನು ಕಂಡು ಯಂತ್ರವನ್ನು ಶಪಿಸುವುದು ಸಹಜವೇ. ಆದರೆ ಯಂತ್ರವು ತನಗೆ ವಿಧಿಸಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿರುತ್ತದೆ; ಕೊರತೆಯಿರುವುದು ಆ ನಿಯಮದ ಸ್ಮರಣಶಕ್ತಿಯಲ್ಲಿ.

ನಮ್ಮ ಕಣ್ಣಿಗೆ ಎರಡಾಗಿ ತೋರುವ ತೆರೆಗಳು ವಿಂಡೋಸ್ ವ್ಯವಸ್ಥೆಯ ಪಾಲಿಗೆ ಒಂದೇ ವಿಶಾಲ ಸಮತಲದ ಎರಡು ಖಂಡಗಳು. 1987ರ ಮೆಕಿಂಟಾಷ್ 2 ಯಂತ್ರದಲ್ಲಿಯೇ ಇದ್ದ ಈ ಸೌಕರ್ಯವು ಮನೆಬಳಕೆಯ ವಿಂಡೋಸಿಗೆ ಪ್ರಾಪ್ತವಾದದ್ದು 1998ರಲ್ಲಿ. ಪ್ರಧಾನವೆಂದು ನಾವು ಆರಿಸಿದ ತೆರೆಯ ಮೇಲ್ತುದಿಯ ಎಡಮೂಲೆಯೇ ಆ ಸಮತಲದ ಶೂನ್ಯಸ್ಥಾನ. ಅಲ್ಲಿಂದ ಬಲಕ್ಕೂ ಕೆಳಕ್ಕೂ ಸಂಖ್ಯೆಗಳು ಏರುತ್ತವೆ. ಪ್ರಧಾನ ತೆರೆಯ ಎಡಕ್ಕೆ 1920 ಪಿಕ್ಸೆಲ್ ಅಗಲದ ಇನ್ನೊಂದನ್ನಿಟ್ಟರೆ ಅದರ ಅಡ್ಡಳತೆ -1920ರಿಂದ -1ರವರೆಗಿನ ಋಣಸಂಖ್ಯೆಗಳಲ್ಲಿ ಹರಡುತ್ತದೆ. ಊರಿನ ಸರ್ವೆಕಲ್ಲನ್ನು ಕಿತ್ತು ಬೇರೆಡೆ ನೆಟ್ಟರೆ ಹೊಲಗಳು ಕದಲದಿದ್ದರೂ ಅಳತೆಗಳೆಲ್ಲ ತಪ್ಪುವಂತೆ, ಪ್ರಧಾನ ತೆರೆಯನ್ನು ಬದಲಿಸಿದೊಡನೆ ತಂತ್ರಾಂಶಗಳು ಬರೆದಿಟ್ಟುಕೊಂಡ ಹಳೆಯ ಅಂಕಗಳು ಬೇರೆ ಜಾಗವನ್ನು ತೋರಿಸತೊಡಗುತ್ತವೆ.

ಹಾಗೆ ಬರೆದಿಟ್ಟುಕೊಳ್ಳುವ ಹೊಣೆ ಬಹುಮಟ್ಟಿಗೆ ಆಯಾ ತಂತ್ರಾಂಶದ್ದು. ಕೆಲವು ಅದನ್ನು ಶ್ರದ್ಧೆಯಿಂದ ಮಾಡುತ್ತವೆ, ಕೆಲವು ಮಾಡುವುದೇ ಇಲ್ಲ, ಮತ್ತೆ ಕೆಲವು ಮಾಡಿ ಕೆಡಿಸುತ್ತವೆ. ಈ ಕಡೆಯ ವರ್ಗದ ಸಾಹಸಕ್ಕೆ ಒಂದು ವಿಚಿತ್ರ ನಿದರ್ಶನವುಂಟು: ಮಿನಿಮೈಸ್ ಮಾಡಿದ ಕಿಟಕಿಯನ್ನು ವಿಂಡೋಸ್ -32000, -32000 ಎಂಬ, ಯಾವ ತೆರೆಗೂ ನಿಲುಕದ ದೂರದಲ್ಲಿ ಇರಿಸುತ್ತದೆ. ಆ ಸ್ಥಿತಿಯಲ್ಲಿ ಮುಚ್ಚಲ್ಪಟ್ಟ ತಂತ್ರಾಂಶವು ಅವಿವೇಕದಿಂದ ಅದೇ ಸಂಖ್ಯೆಯನ್ನು ತನ್ನ ನೆಲೆಯೆಂದು ಬರೆದುಕೊಂಡರೆ, ಮರುದಿನ ಅದು ಓಡುತ್ತಿರುವುದು ಟಾಸ್ಕ್‌ಬಾರಿನಲ್ಲಿ ಕಾಣುತ್ತದೆ, ಕಿಟಕಿ ಮಾತ್ರ ಎಲ್ಲಿಯೂ ಕಾಣದು. ಕುಗ್ಗುವ ಮುನ್ನ ಇದ್ದ ಸ್ಥಾನವನ್ನು ಕೇಳಿ ತಿಳಿಯುವ ಏರ್ಪಾಡು ವ್ಯವಸ್ಥೆಯಲ್ಲಿಯೇ ಇರುವಾಗ ಇಂಥ ಪ್ರಮಾದಕ್ಕೆ ಕ್ಷಮೆಯಿಲ್ಲ. ಲಿನಕ್ಸ್ ಲೋಕದ ವೇಲ್ಯಾಂಡ್ ಪದ್ಧತಿಯಂತೂ ತನ್ನ ಕಿಟಕಿ ಎಲ್ಲಿದೆಯೆಂದು ತಿಳಿಯುವ ಅಧಿಕಾರವನ್ನೇ ಸಾಮಾನ್ಯ ತಂತ್ರಾಂಶಕ್ಕೆ ಕೊಡದೆ, ಆ ಭಾರವನ್ನು ತೆರೆಯನ್ನು ಸಂಯೋಜಿಸುವ ವ್ಯವಸ್ಥೆಗೇ ವಹಿಸಿದೆ. ಬಳಸುವವರ ಗೊಣಗಾಟವೇನೇ ಇರಲಿ, ನನಗೆ ಇದು ನ್ಯಾಯವೆಂದೇ ತೋರುತ್ತದೆ.

ಊಟದ ವೇಳೆಯ ಅನಾಹುತದ ಮೂಲ ಬೇರೆ. ಡಿಸ್‌ಪ್ಲೇಪೋರ್ಟ್ ತಂತಿಯಲ್ಲಿ ಮಾನಿಟರಿನ ಇರವನ್ನು ಸಾರುವ ಸಂಕೇತವೊಂದಿದೆ. ಅನೇಕ ಮಾನಿಟರುಗಳು ನಿದ್ರಿಸಿದಾಗಲೋ ಸ್ವಿಚ್ಚು ಆರಿಸಿದಾಗಲೋ ಆ ಸಂಕೇತವನ್ನೂ ನಿಲ್ಲಿಸಿಬಿಡುವುದರಿಂದ, ತಂತಿಯನ್ನೇ ಕಿತ್ತರೆಂದು ಭಾವಿಸುವ ಕಂಪ್ಯೂಟರು ಅನಾಥವಾದ ಕಿಟಕಿಗಳನ್ನು ಉಳಿದ ತೆರೆಗೆ ಸಾಗಿಸುತ್ತದೆ. ತೆರೆ ಮರಳಿದಾಗ ಅವುಗಳನ್ನು ಹಿಂದಕ್ಕೆ ಕಳುಹಿಸುವ ವಿವೇಕವು ವಿಂಡೋಸಿಗೆ ನೆಟ್ಟಗೆ ಒದಗಿದ್ದು 2021ರ ವಿಂಡೋಸ್ 11ರಲ್ಲಿ. ಸೆಟ್ಟಿಂಗ್ಸಿನ ಡಿಸ್‌ಪ್ಲೇ ಪುಟದಲ್ಲಿ, ಮಲ್ಟಿಪಲ್ ಡಿಸ್‌ಪ್ಲೇಸ್ ಎಂಬಲ್ಲಿ, ಮಾನಿಟರಿನ ಸಂಪರ್ಕಕ್ಕೆ ತಕ್ಕಂತೆ ಕಿಟಕಿಗಳ ಸ್ಥಾನವನ್ನು ನೆನಪಿಡುವ ಆಯ್ಕೆಗೆ ಗುರುತು ಹಾಕಿರತಕ್ಕದ್ದು.

ಹಾಗೂ ತಪ್ಪಿಸಿಕೊಂಡ ಕಿಟಕಿಯನ್ನು ಕರೆತರಲು ಕೀಲಿಮಣೆ ಸಾಕು. ವಿಂಡೋಸ್ ಕೀಲಿಯನ್ನೂ ಶಿಫ್ಟನ್ನೂ ಒತ್ತಿಹಿಡಿದು ಎಡ ಅಥವಾ ಬಲ ಬಾಣವನ್ನು ಒತ್ತಿದರೆ ಎದುರಿನ ಕಿಟಕಿ ಪಕ್ಕದ ತೆರೆಗೆ ಹಾರುತ್ತದೆ. ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ, ತರುವಾಯ ಎಮ್, ಅನಂತರ ಯಾವುದಾದರೊಂದು ಬಾಣ. ಆಗ ಮೌಸನ್ನು ಅಲುಗಿಸಿದೊಡನೆ ಕಿಟಕಿ ಅದಕ್ಕೆ ಅಂಟಿಕೊಂಡು ಬರುತ್ತದೆ. ಬಂದದ್ದನ್ನು ಬೇಕಾದೆಡೆ ನಿಲ್ಲಿಸಿ, ತಂತ್ರಾಂಶವನ್ನು ಒಮ್ಮೆ ಮುಚ್ಚಿ ತೆರೆಯುವುದು ಒಳಿತು. ಎಷ್ಟೋ ತಂತ್ರಾಂಶಗಳು ಹೊಸ ನೆಲೆಯನ್ನು ಬರೆದುಕೊಳ್ಳುವುದು ಮುಚ್ಚುವ ಗಳಿಗೆಯಲ್ಲಿಯೇ.