ಮರದಡಿಯ ದಲ್ಲಾಳಿ, ಮೊಬೈಲಿನ ದಲ್ಲಾಳಿ

ಷೇರು ದಲ್ಲಾಳಿಗಳ ಚರಿತ್ರೆಯಲ್ಲಿ ಎರಡು ಮರಗಳು ಬರುತ್ತವೆ. ಒಂದು ನ್ಯೂಯಾರ್ಕಿನ ಬಟನ್‌ವುಡ್ ಮರ. ಅದರ ಹೆಸರು ಹೊತ್ತ ಒಪ್ಪಂದಕ್ಕೆ 1792ರ ಮೇ 17ರಂದು 24 ದಲ್ಲಾಳಿಗಳು ಸಹಿ ಹಾಕಿದರು. ಶೇಕಡ ಕಾಲಕ್ಕಿಂತ ಕಡಿಮೆ ಕಮಿಷನ್ನಿಗೆ ಯಾರೂ ವ್ಯವಹಾರ ಮಾಡಬಾರದೆಂಬುದು ಅದರ ಮುಖ್ಯ ಕಟ್ಟಳೆ. ಇನ್ನೊಂದು ಮುಂಬಯಿಯ ಆಲದ ಮರ. 1850ರ ದಶಕದಲ್ಲಿ ಟೌನ್ ಹಾಲಿನ ಎದುರು ಆಲದ ನೆರಳಲ್ಲಿ ಸೇರುತ್ತಿದ್ದ ದಲ್ಲಾಳಿಗಳು 1875ರಲ್ಲಿ ಕಟ್ಟಿಕೊಂಡ ಸಂಘವೇ ಮುಂದೆ ಮುಂಬಯಿ ಷೇರು ವಿನಿಮಯ ಕೇಂದ್ರವಾಯಿತು.

ಅಮೆರಿಕದಲ್ಲಿ ನಿಗದಿತ ಕಮಿಷನ್ನಿನ ಪದ್ಧತಿ ಮುರಿದುಬಿದ್ದದ್ದು 1975ರ ಮೇ 1ರಂದು. ಚಾರ್ಲ್ಸ್ ಶ್ವಾಬ್‌ನಂಥವರು ಸಲಹೆ, ಸತ್ಕಾರಗಳನ್ನು ಬಿಟ್ಟು ಅಗ್ಗದ ದರಕ್ಕೆ ಬರೀ ಕೊಂಡು ಮಾರುವ ಕೆಲಸ ಮಾಡಿಕೊಡತೊಡಗಿದರು. ನಮ್ಮಲ್ಲಿ 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಕಂಪ್ಯೂಟರ್ ಪರದೆಯ ಮೇಲೆ ವಹಿವಾಟು ಆರಂಭಿಸಿತು. 1996ರಿಂದ ಕಾಗದದ ಷೇರುಪತ್ರಗಳು ಡಿಮ್ಯಾಟ್ ಖಾತೆ ಸೇರತೊಡಗಿದವು. 2000ದಲ್ಲಿ ಇಂಟರ್ನೆಟ್ ವಹಿವಾಟಿಗೆ ಸೆಬಿ ಅನುಮತಿ ನೀಡಿತು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜೆರೋಧಾ, 2015ರ ಕೊನೆಗೆ, ಷೇರು ಕೊಂಡು ಇಟ್ಟುಕೊಳ್ಳುವವರ ಕಮಿಷನ್ನನ್ನೇ ತೆಗೆದುಹಾಕಿತು.

ಸೊನ್ನೆಗಿಂತ ಅಗ್ಗ ಯಾವುದಿದೆ? ವರ್ಷಕ್ಕೆ ಒಂದೆರಡು ಸಲ ಮಾತ್ರ ಷೇರು ಕೊಳ್ಳುವವರು ಎಡವುವುದು ಇಲ್ಲಿಯೇ. ಒಬ್ಬರು ವರ್ಷಕ್ಕೆ ಎರಡು ಸಲ ಹತ್ತು ಸಾವಿರ ರೂಪಾಯಿಯ ಷೇರು ಕೊಳ್ಳುತ್ತಾರೆಂದು ಇಟ್ಟುಕೊಳ್ಳೋಣ. ಕಮಿಷನ್ ಸೊನ್ನೆ, ಆದರೆ ಡಿಮ್ಯಾಟ್ ಖಾತೆಯ ವಾರ್ಷಿಕ ನಿರ್ವಹಣಾ ಶುಲ್ಕ 400 ರೂಪಾಯಿ ಆದರೆ, ಹೂಡಿದ ಹಣದ ಶೇಕಡ 2 ಅಲ್ಲಿಗೇ ಹೋಯಿತು. ಶೇಕಡ ಅರ್ಧ ಕಮಿಷನ್ ಪಡೆದು ವಾರ್ಷಿಕ ಶುಲ್ಕ ಕೇಳದ ‘ದುಬಾರಿ’ ದಲ್ಲಾಳಿಯ ಬಳಿ ತಗಲುವುದು 100 ರೂಪಾಯಿ! ದಿನಕ್ಕೆ ಹತ್ತು ಸಲ ಕೊಂಡು ಮಾರುವವನಿಗೆ ಕಮಿಷನ್ನೇ ದೊಡ್ಡ ಖರ್ಚು. ಅಪರೂಪದ ಹೂಡಿಕೆದಾರನಿಗೆ ಸುಮ್ಮನೆ ಕುಳಿತ ಖಾತೆಯೇ ಖರ್ಚು. ಜಾಹೀರಾತುಗಳು ಮಾತನಾಡುವುದು ಮೊದಲನೆಯವನ ಜೊತೆ.

ಮಾರುವಾಗಲೂ ಒಂದು ಸಣ್ಣ ಮುಳ್ಳಿದೆ. ಖಾತೆಯಿಂದ ಷೇರು ಹೊರಗೆ ಹೋದಾಗ, ಒಂದು ಕಂಪೆನಿಯ ಷೇರಿಗೆ ದಿನಕ್ಕೆ ಇಂತಿಷ್ಟು ಎಂದು ಡಿಪಾಸಿಟರಿಯ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ. ಸಾವಿರ ರೂಪಾಯಿಯದು ಮಾರಿದರೂ ಅಷ್ಟೇ, ಲಕ್ಷದ್ದು ಮಾರಿದರೂ ಅಷ್ಟೇ. ಆದ್ದರಿಂದ ಚಿಲ್ಲರೆ ಚಿಲ್ಲರೆಯಾಗಿ ಮಾರುವುದು ನಷ್ಟ. ಷೇರು ವಹಿವಾಟು ತೆರಿಗೆ ಮಾತ್ರ ಕೊಳ್ಳುವಾಗ, ಮಾರುವಾಗ ಎರಡೂ ಸಲ ಶೇಕಡ 0.1, ಅದು ಸರ್ಕಾರದ್ದು, ಎಲ್ಲಿ ಹೋದರೂ ತಪ್ಪದು.

ಸಣ್ಣ ಹೂಡಿಕೆದಾರರಿಗೆಂದೇ 2012ರಲ್ಲಿ ಸೆಬಿ ‘ಮೂಲ ಸೇವೆ’ಯ ಡಿಮ್ಯಾಟ್ ಖಾತೆಯನ್ನು ತಂದಿತು. 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಖಾತೆಯಲ್ಲಿರುವ ಷೇರುಗಳ ಬೆಲೆ 4 ಲಕ್ಷ ರೂಪಾಯಿ ಮೀರದಿದ್ದರೆ ವಾರ್ಷಿಕ ನಿರ್ವಹಣಾ ಶುಲ್ಕವೇ ಇಲ್ಲ. 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. ಆದರೆ ಮೊದಲ ಹೆಸರಿನಲ್ಲಿ ಒಂದೇ ಡಿಮ್ಯಾಟ್ ಖಾತೆ ಇರಬೇಕು. ಯಾವುದೋ ಉಡುಗೊರೆಯ ಆಸೆಗೆ ಎರಡನೆಯ ಖಾತೆ ತೆರೆದವರಿಗೆ ಈ ಸೌಲಭ್ಯ ತಪ್ಪುತ್ತದೆ.

ಹಾಗಾದರೆ ಕಮಿಷನ್ ಬಿಟ್ಟುಕೊಟ್ಟ ದಲ್ಲಾಳಿ ಬದುಕುವುದು ಹೇಗೆ? ಬಹುಮಟ್ಟಿಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡುವವರಿಂದ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ಆಟಕ್ಕಿಳಿದ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟ ಅನುಭವಿಸಿದರೆಂದು ಸೆಬಿಯ ಅಧ್ಯಯನವೇ ಹೇಳಿದೆ. ವರ್ಷಕ್ಕೆರಡು ಸಲ ಬರುವ ಗಿರಾಕಿಯ ಮೊಬೈಲಿನಲ್ಲಿ ಆ ಬಾಗಿಲು ಷೇರಿನ ಬಾಗಿಲಿನ ಪಕ್ಕದಲ್ಲೇ ಇರುತ್ತದೆ. ಖಾತೆ ತೆರೆಯುವಾಗ ಆ ವಿಭಾಗ ಬೇಡವೆಂದು ಬಿಟ್ಟುಬಿಡುವುದಕ್ಕೆ ಅಡ್ಡಿಯಿಲ್ಲ.

ಈಗಾಗಲೇ ಹೆಚ್ಚು ಶುಲ್ಕದ ಖಾತೆಯಲ್ಲಿ ಸಿಕ್ಕಿಕೊಂಡವರೂ ಹೆದರಬೇಕಿಲ್ಲ. ಹಳೆಯ ಖಾತೆ ಮುಚ್ಚಿ, ಅದೇ ಹೆಸರುಗಳಲ್ಲಿರುವ ಹೊಸ ಖಾತೆಗೆ ಎಲ್ಲ ಷೇರುಗಳನ್ನೂ ವರ್ಗಾಯಿಸಿಕೊಂಡರೆ ಆ ವರ್ಗಾವಣೆಗೆ ಶುಲ್ಕ ಕೇಳುವಂತಿಲ್ಲ.