ಒಂದೇ ಮೇಜಿನ ಮೇಲೆ ಎರಡು ಶಸ್ತ್ರಕ್ರಿಯೆಗಳು

ರೋಗಿಯೊಬ್ಬನ ಪಿತ್ತಕೋಶವನ್ನು ತೆಗೆಯಬೇಕಾಗಿದೆ. ಅವನ ತೊಡೆಸಂದಿನಲ್ಲಿ ಹರ್ನಿಯಾವೂ ಇದೆ. ವೈದ್ಯರು ಎರಡನ್ನೂ ಒಂದೇ ಸಲಕ್ಕೆ ಮುಗಿಸುತ್ತಾರೆ. ಹಾಗಾದರೆ ಅವರಿಗೆ ಎರಡು ಶಸ್ತ್ರಕ್ರಿಯೆಗಳ ಪೂರ್ಣ ಸಂಭಾವನೆಯೂ ಸಲ್ಲಬೇಕೆ?

ಸಲ್ಲದೆಂಬುದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಲೆಕ್ಕ. ಅಲ್ಲಿ ವೈದ್ಯರು ಮಾಡುವ ಒಂದೊಂದು ಚಿಕಿತ್ಸೆಗೂ ಐದು ಸ್ಥಾನಗಳ ಸಂಕೇತವುಂಟು. ಸಿಪಿಟಿ ಎಂಬ ಈ ಸಂಕೇತಾವಳಿಯನ್ನು ಅಮೆರಿಕದ ವೈದ್ಯಕೀಯ ಸಂಘವು 1966ರಲ್ಲಿ ಮೊದಲು ಪ್ರಕಟಿಸಿತು. ಲ್ಯಾಪರೋಸ್ಕೋಪ್ ಎಂಬ ಉದರದರ್ಶಕದ ನೆರವಿನಿಂದ ಪಿತ್ತಕೋಶವನ್ನು ತೆಗೆಯುವುದು 47562; ತೊಡೆಸಂದಿನ ಸಾಮಾನ್ಯ ಹರ್ನಿಯಾವನ್ನು ಮೊದಲ ಸಲ ಸರಿಪಡಿಸುವುದು 49505. ವಿಮೆಯವರು ಹಣ ಕೊಡುವುದು ಈ ಸಂಖ್ಯೆಗಳನ್ನು ನೋಡಿಯೇ. ಆದರೆ ಬರಿಯ ಸಂಖ್ಯೆಯು ಸನ್ನಿವೇಶವನ್ನು ತಿಳಿಸಲಾರದು. ಆದುದರಿಂದ ಅದರ ಕೊನೆಗೆ ಎರಡು ಸ್ಥಾನಗಳ ‘ಮಾಡಿಫೈಯರ್’ ಒಂದನ್ನು ಸೇರಿಸುತ್ತಾರೆ. ನಾವು ಇದನ್ನು ವಿಶೇಷಕವೆನ್ನೋಣ.

‘ಒಂದೇ ಸಲ ಹಲವು ಶಸ್ತ್ರಕ್ರಿಯೆಗಳು ನಡೆದವು’ ಎಂದು ಹೇಳುವ ವಿಶೇಷಕ 51. ಇದು ಸಂಭಾವನೆಯನ್ನು ತಗ್ಗಿಸುತ್ತದೆ. ಏಕೆಂದರೆ ಪ್ರತಿಯೊಂದು ಸಂಭಾವನೆಯಲ್ಲಿಯೂ ಮುನ್ನಿನ ಪರೀಕ್ಷೆ, ಸಿದ್ಧತೆ, ಆಮೇಲಿನ ಆರೈಕೆ ಎಲ್ಲವೂ ಅಡಕವಾಗಿವೆ; ದೊಡ್ಡ ಶಸ್ತ್ರಕ್ರಿಯೆಗಳಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯು 90 ದಿನಗಳ ಆರೈಕೆಯನ್ನು ಸೇರಿಸಿಯೇ ದರ ಕಟ್ಟುತ್ತದೆ. ಅನ್ನಕ್ಕೆ ಹೊತ್ತಿಸಿದ ಒಲೆಯ ಮೇಲೆಯೇ ಸಾರನ್ನೂ ಕುದಿಸಿದರೆ ಒಲೆ ಹೊತ್ತಿಸುವ ಕೆಲಸ ಎರಡು ಸಲ ಆಗುವುದಿಲ್ಲವಷ್ಟೆ.

ಮೆಡಿಕೇರ್ ಅತಿ ಹೆಚ್ಚು ದರದ ಕ್ರಿಯೆಗೆ ಪೂರ್ಣ ಹಣವನ್ನೂ, ಅನಂತರದ ನಾಲ್ಕಕ್ಕೆ ಅರ್ಧರ್ಧವನ್ನೂ ಲೆಕ್ಕ ಹಿಡಿಯುತ್ತದೆ. ದರಗಳು 1000 ಮತ್ತು 600 ಡಾಲರುಗಳೆಂದು ಭಾವಿಸಿದರೆ ಮೊತ್ತ 1600 ಅಲ್ಲ, 1300. ಯಾವುದನ್ನು ಮೊದಲು ಮಾಡಿದರೆಂಬುದು ಇಲ್ಲಿ ಮುಖ್ಯವಲ್ಲ. ಈಗ ಈ ಕಡಿತವನ್ನು ಮೆಡಿಕೇರಿನ ಗಣಕಯಂತ್ರವೇ ಮಾಡಿಕೊಳ್ಳುವುದರಿಂದ ವೈದ್ಯರು 51ನ್ನು ಬರೆಯಬೇಕಾಗಿಯೂ ಇಲ್ಲ. ಆದರೆ ಈ ‘ಅರ್ಧ’ವು ನಮ್ಮ ಪ್ರಯೋಗಶಾಲೆಯ ಅಳತೆಯಂಥದಲ್ಲ, ಒಪ್ಪಂದದ ಸಂಖ್ಯೆ, ಎರಡು ಕ್ರಿಯೆಗಳಿಗೆ ಸಮಾನವಾದ ಕೆಲಸವು ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿರುವುದುಂಟೆ?

ಹೆಚ್ಚು ಎಚ್ಚರ ಬೇಕಾದುದು ವಿಶೇಷಕ 59ರಲ್ಲಿ. ಉದರದರ್ಶಕದಿಂದ ಹೊಟ್ಟೆಯೊಳಗನ್ನು ಸುಮ್ಮನೆ ನೋಡುವುದಕ್ಕೂ 49320 ಎಂಬ ಸಂಕೇತವಿದೆ. ಆದರೆ ನೋಡದೆ ಪಿತ್ತಕೋಶವನ್ನು ತೆಗೆಯುವುದು ಹೇಗೆ? ಆದುದರಿಂದ ಆ ನೋಟಕ್ಕೆ ಬೇರೆ ಹಣವಿಲ್ಲ. ಹೀಗೆ ಜೊತೆಗೂಡದ ಸಂಕೇತಗಳ ಪಟ್ಟಿಯೊಂದು 1996ರಿಂದ ಮೆಡಿಕೇರಿನಲ್ಲಿ ಜಾರಿಯಲ್ಲಿದೆ. ಅದರಲ್ಲಿನ ಕೆಲವು ಜೋಡಿಗಳಿಗೆ ‘ಇವೆರಡೂ ನಿಜವಾಗಿ ಬೇರೆ ಬೇರೆ’ ಎಂದು ಸಾರಿ ಬೀಗ ತೆಗೆಯುವುದೇ 59ರ ಕೆಲಸ. ಬಲತೋಳಿನ ಗಂಟಿನಿಂದ ಪರೀಕ್ಷೆಗೆಂದು ಚೂರು ತೆಗೆದು, ಎಡತೋಳಿನ ಇನ್ನೊಂದು ಗಂಟನ್ನು ಪೂರ್ತಿಯಾಗಿ ಕತ್ತರಿಸಿದರೆ 59 ಸರಿ. ಚೂರು ತೆಗೆದ ಗಂಟನ್ನೇ ಆಗಲೇ ಕತ್ತರಿಸಿ ತೆಗೆದು 59 ಹಾಕಿದರೆ, ಒಂದೇ ಕೆಲಸಕ್ಕೆ ಎರಡು ಸಲ ಹಣ ಕೇಳಿದಂತೆ. ತಿಳಿದೂ ಹೀಗೆ ಮಾಡುವುದು ಅಲ್ಲಿನ ಕಾನೂನಿನಲ್ಲಿ ಅಪರಾಧ. ಬೀಗದ ಕೈ ಸುಲಭವಾಗಿ ಸಿಕ್ಕಿತೆಂದೋ ಏನೋ, 2015ರಲ್ಲಿ ಇನ್ನೂ ಖಚಿತವಾದ ನಾಲ್ಕು ವಿಶೇಷಕಗಳನ್ನು ತಂದರು. ಅಂಗ ಬೇರೆ ಎನ್ನಲು ಎಕ್ಸ್‌ಎಸ್, ಭೇಟಿಯೇ ಬೇರೆ ಎನ್ನಲು ಎಕ್ಸ್‌ಇ, ಹೀಗೆ.

ಇದಕ್ಕೆಲ್ಲ ಸಾಕ್ಷಿ ಶಸ್ತ್ರವೈದ್ಯರ ಟಿಪ್ಪಣಿ. ಆ ಟಿಪ್ಪಣಿಗಳನ್ನೋದಿ ಸಂಕೇತ ಹಾಕುವವರಲ್ಲಿ ಬೆಂಗಳೂರಿನ ಕಚೇರಿಗಳ ತರುಣ ತರುಣಿಯರೂ ಇದ್ದಾರೆ. ಯಾವ ತೋಳು, ಯಾವ ಗಂಟು ಎಂದು ವೈದ್ಯರು ಬರೆದಿಲ್ಲದಿದ್ದರೆ ಇವರು ಊಹಿಸಿ 59ನ್ನು ಹಾಕುವಂತಿಲ್ಲ. ಹಾಳೆಯನ್ನು ಪ್ರಶ್ನೆಯೊಡನೆ ಹಿಂದಕ್ಕೆ ಕಳುಹಿಸಬೇಕು.