ಬೆಲ್ಲ ಗುರ್ ಅಂದ ದಿನ: ಮನೇಲಿ ರಾಟ್‌ವೀಲರ್ ಸಾಕೋದು ಅಂದ್ರೆ ಏನು?

(ಇದು ಪಾಡ್‌ಕ್ಯಾಸ್ಟ್ ಕಂತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ನಮ್ಮ ಕಂತುಗಳಲ್ಲಿ ಹಿಂದಿನಿಂದ ಒಂದು ಗೊರಕೆ ಸದ್ದು ಬರ್ತಾ ಇರುತ್ತಲ್ಲ, ಅದು ಯಾರದು ಅಂತ ತುಂಬಾ ಜನ ಕೇಳಿದ್ದೀರಿ. ನಮ್ಮಪ್ಪಂದು ಅಂದುಕೊಂಡವರೂ ಇದ್ದೀರಿ. ಅಲ್ಲ. ಅವಳ ಹೆಸರು ಬೆಲ್ಲ. ವಯಸ್ಸು ಐದು, ತೂಕ 42 ಕೆಜಿ, ಜಾತಿ ರಾಟ್‌ವೀಲರ್. ಈಗಲೂ ಟೇಬಲ್ ಕೆಳಗೆ ನನ್ನ ಪಾದದ ಮೇಲೆ ತಲೆ ಇಟ್ಟು ಮಲಗಿದ್ದಾಳೆ. ಕಾಲು ಜೋಮು ಹಿಡಿದಿದೆ, ಆದ್ರೆ ತೆಗೆಯೋ ಹಾಗಿಲ್ಲ.

ಇದನ್ನ ಹೇಳಿದ ಮೇಲೆ ಬರೋ ಮೆಸೇಜ್‌ಗಳಲ್ಲಿ ಎರಡು ಥರ. ಒಂದು, "ಬ್ರೋ, ನಾನೂ ಒಂದು ತಗೋಬೇಕು, ಎಷ್ಟಾಗುತ್ತೆ?" ಇನ್ನೊಂದು, "ಮಕ್ಕಳಿರೋ ಮನೇಲಿ ಅದನ್ನ ಹೇಗೆ ಇಟ್ಕೊಂಡಿದ್ದೀರಾ, ಭಯ ಆಗಲ್ವಾ?" ಇವತ್ತು ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡ್ತೀನಿ. ನಾನು ಪಶುವೈದ್ಯನಲ್ಲ, ಟ್ರೈನರ್ ಅಲ್ಲ, ಬಿ.ಕಾಂ. ಓದಿದವನು. ಹಾಗಾಗಿ ಲೆಕ್ಕದ ಥರಾನೇ ಹೇಳ್ತೀನಿ: ಏನು ಬರುತ್ತೆ, ಏನು ಹೋಗುತ್ತೆ, ಯಾವುದನ್ನ ಮರೆತರೆ ದಂಡ ಬೀಳುತ್ತೆ.

ಯುಗಾದಿ ದಿನ ಆಗಿದ್ದು

ಬೆಲ್ಲಗೆ ಆಗ ಒಂದೂವರೆ ವರ್ಷ. ಯುಗಾದಿಗೆ ಅಕ್ಕ, ಭಾವ, ಅವರ ನಾಲ್ಕು ವರ್ಷದ ಮಗ ಮೈಸೂರಿಗೆ ನಮ್ಮನೆಗೆ ಬಂದಿದ್ರು. ಎಲ್ಲರೂ ಒಬ್ಬಟ್ಟಿನ ಗಲಾಟೇಲಿ ಇದ್ವಿ. ಹಿತ್ತಲಲ್ಲಿ ಬೆಲ್ಲ ಅವಳ ತಟ್ಟೇಲಿ ಊಟ ಮಾಡ್ತಿದ್ಲು. ಹುಡುಗ ಮೆಲ್ಲಗೆ ಹೋಗಿ ಅವಳ ತಟ್ಟೆಗೆ ಕೈ ಚಾಚಿದ. ಅವಳು ತಿನ್ನೋದು ನಿಲ್ಲಿಸಿ, ಮೈ ಗಟ್ಟಿ ಮಾಡಿ, ಒಂದು ಸಲ ಗುರ್ ಅಂದ್ಲು. ಅಷ್ಟೇ. ಕಚ್ಚಲಿಲ್ಲ, ಹಾರಲಿಲ್ಲ.

ಆದ್ರೆ ಮನೇಲಿ ಎಲ್ಲರ ಜೀವ ಬಾಯಿಗೆ ಬಂತು. ಅಪ್ಪ ಓಡಿಹೋಗಿ ಅವಳಿಗೆ ಎರಡು ಬಿಟ್ರು. ಭಾವ ಮಾತಾಡಲೇ ಇಲ್ಲ, ಸಂಜೆನೇ ಹೊರಟುಬಿಟ್ರು. ರಾತ್ರಿ ಚಿಕ್ಕಪ್ಪನ ಫೋನು: "ಯಾರದ್ದಾದ್ರೂ ತೋಟಕ್ಕೆ ಬಿಟ್ಬಿಡಿ, ಮಗುಗಿಂತ ನಾಯಿ ಹೆಚ್ಚಾ?"

ಮಾರನೇ ದಿನ ಒಬ್ಬ ಟ್ರೈನರ್‌ನ ಕರೆಸಿದ್ವಿ. ಅವರು ಎಲ್ಲಾ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ಗುರ್ ಅಂದಿದ್ದಕ್ಕೆ ಹೊಡೆದ್ರಾ? ಇನ್ಮೇಲೆ ಹೊಡೀಬೇಡಿ. ಹೊಡೆದ್ರೆ ಗುರ್ ಅನ್ನೋದು ನಿಲ್ಲಿಸ್ತಾಳೆ. ಕಚ್ಚೋದು ನಿಲ್ಲಿಸ್ತಾಳೆ ಅಂತ ಅಲ್ಲ."

ಸ್ವಲ್ಪ ಯೋಚನೆ ಮಾಡಿ. ನಾಯಿಗೆ "ದಯವಿಟ್ಟು ದೂರ ಹೋಗು" ಅನ್ನೋಕೆ ಬೇರೆ ಭಾಷೆ ಇಲ್ಲ. ಮೊದಲು ಮುಖ ಆ ಕಡೆ ತಿರುಗಿಸುತ್ತೆ. ತುಟಿ ನೆಕ್ಕುತ್ತೆ, ನಿದ್ದೆ ಬರದಿದ್ರೂ ಆಕಳಿಸುತ್ತೆ, ಕಣ್ಣಿನ ಬಿಳಿಭಾಗ ಕಾಣೋ ಹಾಗೆ ಓರೆಯಾಗಿ ನೋಡುತ್ತೆ. ಆಮೇಲೆ ಮೈ ಗಟ್ಟಿಯಾಗುತ್ತೆ. ಆಮೇಲೆ ಗುರ್. ಆಮೇಲೆ ಹಲ್ಲು ತೋರಿಸೋದು, ಗಾಳಿಗೆ ಬಾಯಿ ಹಾಕೋದು. ಕಚ್ಚೋದು ಕೊನೇ ಮೆಟ್ಟಿಲು. ಮಧ್ಯದ ಮೆಟ್ಟಿಲುಗಳನ್ನ ನಾವೇ ಹೊಡೆದು ಕಿತ್ತುಹಾಕಿದ್ರೆ, ನಾಯಿ ಕೆಳಗಿನ ಮೆಟ್ಟಿಲಿಂದ ನೇರ ಮೇಲಕ್ಕೇ ಹಾರುತ್ತೆ. ಆಗ ಎಲ್ಲರೂ ಹೇಳೋದು, "ಸುಮ್ನೆ ಇತ್ತು, ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು."

ಕಾಮರ್ಸ್ ಭಾಷೇಲಿ ಹೇಳಬೇಕಂದ್ರೆ, ಗುರ್ ಅನ್ನೋದು ನೋಟಿಸ್. ನೋಟಿಸ್ ಬಂತು ಅಂತ ಪೋಸ್ಟ್‌ಮ್ಯಾನ್‌ಗೆ ಹೊಡೆದ್ರೆ ಸಾಲ ತೀರುತ್ತಾ?

ಇಲ್ಲಿ ಒಂದು ಸಣ್ಣ ಗೊಂದಲಾನೂ ಇದೆ. ಮುದ್ದು ಮಾಡಿದಾಗ ಎಷ್ಟೋ ರಾಟ್‌ವೀಲರ್‌ಗಳು ಗಂಟಲೊಳಗಿಂದ ಗುರುಗುರು ಅಂತಾವೆ. ಅದು ಕೋಪ ಅಲ್ಲ, ಸುಖ. ವ್ಯತ್ಯಾಸ ಸದ್ದಲ್ಲಿ ಹುಡುಕಬೇಡಿ, ಮೈಯಲ್ಲಿ ಹುಡುಕಿ. ಮೈ ಸಡಿಲ ಇದ್ದು, ಕಣ್ಣು ಅರ್ಧ ಮುಚ್ಚಿ, ನಿಮ್ಮ ಕಾಲಿಗೆ ಒರಗಿದ್ರೆ ಖುಷಿ. ಮೈ ಮರದ ಥರ ಗಟ್ಟಿಯಾಗಿ, ಬಾಯಿ ಮುಚ್ಚಿ, ದಿಟ್ಟಿಸಿ ನೋಡ್ತಿದ್ರೆ ನೋಟಿಸ್. "ಬೊಗಳೋ ನಾಯಿ ಕಚ್ಚಲ್ಲ" ಅನ್ನೋ ಗಾದೆ ನಂಬ್ಕೊಂಡು ಮಾತ್ರ ಕೂರಬೇಡಿ.

ಈ ನಾಯಿ ಬಂದಿದ್ದು ಎಲ್ಲಿಂದ?

ಜರ್ಮನಿಯ ದಕ್ಷಿಣದಲ್ಲಿ ರಾಟ್‌ವೈಲ್ ಅಂತ ಒಂದು ಊರಿದೆ, ರೋಮನ್ನರ ಕಾಲದಿಂದ ಇರೋ ಹಳೇ ಊರು. ಅಲ್ಲಿನ ಕಸಾಯಿಗಳು ದನ ಹೊಡೆದುಕೊಂಡು ಹೋಗೋಕೆ, ಗಾಡಿ ಎಳೆಯೋಕೆ, ಮನೆ ಕಾಯೋಕೆ ಸಾಕಿದ ನಾಯಿ ಇದು. ಅಲ್ಲಿನ ಹಳೇ ಹೆಸರಿನ ಅರ್ಥನೇ "ರಾಟ್‌ವೈಲ್‌ನ ಕಸಾಯಿಯ ನಾಯಿ". ರೈಲು ಬಂದ ಮೇಲೆ ದನಗಳೂ ರೈಲು ಹತ್ತಿದ್ವು, ನಾಯಿಗೆ ಕೆಲಸ ಹೋಯ್ತು, ಸಂಖ್ಯೆನೂ ಇಳೀತು. ಆಮೇಲೆ 1910ರಲ್ಲಿ ಜರ್ಮನಿ ಇದನ್ನ ಪೊಲೀಸ್ ನಾಯಿ ಅಂತ ಒಪ್ಪಿಕೊಳ್ತು. 1921ರಲ್ಲಿ ಅಲ್ಲಿ ಶುರುವಾದ ತಳಿಯ ಕ್ಲಬ್ ಇವತ್ತಿಗೂ ಇದೆ.

ಈ ಚರಿತ್ರೆ ಯಾಕೆ ಹೇಳಿದೆ ಅಂದ್ರೆ, ಇದು ನಿರುದ್ಯೋಗ ಸಹಿಸದ ನಾಯಿ. ತನ್ನಷ್ಟೇ ಹಟ ಇರೋ ದನವನ್ನ ಮೈಯಿಂದ ತಳ್ಳಿ ದಾರಿಗೆ ತರೋದು ಇದರ ಕಸುಬು. ಬೆಲ್ಲ ಮಕ್ಕಳನ್ನ ಪಕ್ಕೆಯಿಂದ ತಳ್ಳೋದು, ಬಂದ ನೆಂಟರ ಕಾಲಿಗೆ ಒರಗಿ ನಿಲ್ಲೋದು, ಮನೆಯವರೆಲ್ಲ ಒಂದೇ ರೂಮಲ್ಲಿ ಇರ್ಲಿ ಅಂತ ಒದ್ದಾಡೋದು, ಎಲ್ಲಾ ಅದೇ. ಅವಳಿಗೆ ಅದು ಡ್ಯೂಟಿ. ಆದ್ರೆ ನಾಲ್ಕು ವರ್ಷದ ಮಗುಗೆ 42 ಕೆಜಿಯ ಡ್ಯೂಟಿ ಅಂದ್ರೆ ನೆಲಕ್ಕೆ ಬೀಳೋದು. ಗಂಡು ನಾಯಿ ಆದ್ರೆ 50 ಕೆಜಿ.

ಗೇಟಿನ ಪಕ್ಕ ಇಡೀ ದಿನ ಕಟ್ಟಿಹಾಕಿ "ನಾಯಿ ಇದೆ ಎಚ್ಚರಿಕೆ" ಬೋರ್ಡ್ ಹಾಕಿದ್ರೆ ಕಾವಲು ನಾಯಿ ಆಗಲ್ಲ. ಜನ ನೋಡಿ ಅಭ್ಯಾಸ ಇಲ್ಲದ, ಎಲ್ಲದಕ್ಕೂ ಹೆದರೋ, ಬೇಜಾರಾದ ನಾಯಿ ಆಗುತ್ತೆ. ಹೆದರಿದ ದೊಡ್ಡ ನಾಯಿಗಿಂತ ಅಪಾಯ ಬೇರೆ ಇಲ್ಲ.

ನಮ್ಮನೆ ರೂಲ್ಸ್

ಆ ಯುಗಾದಿ ಆದ್ಮೇಲೆ ಮನೇಲಿ ಐದು ರೂಲ್ಸ್ ಬಂತು. ಫ್ರಿಜ್ ಮೇಲೆ ಅಂಟಿಸಿದ್ದೀವಿ.

ಒಂದು, ಬೆಲ್ಲ ಊಟ ಮಾಡೋದು ಬಾಗಿಲು ಹಾಕಿದ ರೂಮಲ್ಲಿ, ಒಬ್ಬಳೇ. ಆ ಹೊತ್ತಲ್ಲಿ ಯಾರೂ ಹೋಗೋ ಹಾಗಿಲ್ಲ.

ಎರಡು, ಅವಳ ಬಾಯಲ್ಲಿರೋದನ್ನ ಕಿತ್ಕೊಳ್ಳೋ ಹಾಗಿಲ್ಲ. ಬದಲಿಗೆ ಅದಕ್ಕಿಂತ ರುಚಿಯಾದ್ದು ಕೊಟ್ಟು ವಿನಿಮಯ. ಮೊದಲು ಚೆಂಡಿಗೆ ಚಿಕನ್ ಚೂರು ಕೊಟ್ವಿ, ಆಮೇಲೆ ಮೂಳೆಗೆ. ಮೂರು ತಿಂಗಳಲ್ಲಿ ಮನುಷ್ಯರ ಕೈ ಹತ್ತಿರ ಬಂದ್ರೆ ಲಾಭ ಅಂತ ಅವಳಿಗೆ ಗೊತ್ತಾಯ್ತು.

ಮೂರು, ಮಗು ಮತ್ತೆ ನಾಯಿ ಇಬ್ಬರೇ ಒಂದು ರೂಮಲ್ಲಿ ಇರೋ ಹಾಗಿಲ್ಲ. ಒಂದು ನಿಮಿಷಕ್ಕೂ ಇಲ್ಲ. ದೊಡ್ಡವರು ಮೊಬೈಲ್ ನೋಡ್ತಾ ಕೂತಿದ್ರೆ ಅದು ಇದ್ದ ಲೆಕ್ಕ ಅಲ್ಲ.

ನಾಲ್ಕು, ಗೇಟಿಗೂ ಮನೆ ಬಾಗಿಲಿಗೂ ಮಧ್ಯೆ ಇನ್ನೊಂದು ಸಣ್ಣ ಗೇಟು. ಡೆಲಿವರಿ ಹುಡುಗ ಬಂದಾಗ ಒಂದು ತೆರೆದಿದ್ರೆ ಇನ್ನೊಂದು ಮುಚ್ಚಿರಬೇಕು.

ಐದು, ಅವಳನ್ನ ಹೊರಗೆ ಕರ್ಕೊಂಡು ಹೋಗೋರು ಅವಳು ಎಳೆದ್ರೆ ತಡೆಯೋ ಶಕ್ತಿ ಇರೋರು ಆಗಿರಬೇಕು. ಅಮ್ಮ ಬೇಡ, ಪಕ್ಕದ ಮನೆ ಹೈಸ್ಕೂಲ್ ಹುಡುಗನೂ ಬೇಡ. ಜನ ಜಾಸ್ತಿ ಇರೋ ಕಡೆ ಬುಟ್ಟಿ ಥರದ ಬಾಯಿಕುಕ್ಕೆ ಹಾಕ್ತೀವಿ. ಅದರಲ್ಲಿ ನೀರು ಕುಡೀಬಹುದು, ನಾಲಿಗೆ ಚಾಚಿ ಏದುಸಿರು ಬಿಡಬಹುದು. ಅದು ಶಿಕ್ಷೆ ಅಲ್ಲ. ಬೈಕಿಗೆ ಹೆಲ್ಮೆಟ್ ಇದ್ದ ಹಾಗೆ.

ದುಡ್ಡು ಮತ್ತೆ ಆಯಸ್ಸು

ನಮ್ಮನೇಲಿ ಊಟ, ಔಷಧಿ, ಲಸಿಕೆ ಎಲ್ಲಾ ಸೇರಿ ತಿಂಗಳಿಗೆ ಏಳೆಂಟು ಸಾವಿರ ಹೋಗುತ್ತೆ. ಮರಿ ತಗೊಳ್ಳೋ ದುಡ್ಡು ಬರೀ ಡೌನ್ ಪೇಮೆಂಟು.

ರಾಟ್‌ವೀಲರ್‌ಗೆ ಆಯಸ್ಸು ಕಡಿಮೆ, ಸಾಮಾನ್ಯವಾಗಿ ಒಂಬತ್ತು ಹತ್ತು ವರ್ಷ. ಸೊಂಟದ ಕೀಲಿನ ತೊಂದರೆ, ಮೂಳೆ ಕ್ಯಾನ್ಸರ್, ಹೃದಯದ ತೊಂದರೆ ಈ ತಳೀಲಿ ಜಾಸ್ತಿ. ಮರಿಗಳಿಗೆ ಪಾರ್ವೋ ವೈರಸ್ ಬೇರೆ ತಳಿಗಿಂತ ಬೇಗ ತಗಲುತ್ತೆ, ಹಾಗಾಗಿ ಲಸಿಕೆ ಒಂದು ದಿನಾನೂ ಮುಂದೂಡಬೇಡಿ. ಮರಿ ಗುಂಡಗಿದ್ರೆ ಚೆಂದ ಅಂತ ತುರುಕಬೇಡಿ, ವೈದ್ಯರು ಹೇಳದೆ ಕ್ಯಾಲ್ಸಿಯಂ ಕೊಡಬೇಡಿ. ಬೇಗ ಬೆಳೆದ್ರೆ ಕೀಲು ಹಾಳು.

ಒಂದು ಲಕ್ಷಣ ಎಲ್ಲರೂ ನೆನಪಿಟ್ಕೊಳ್ಳಿ. ಹೊಟ್ಟೆ ಉಬ್ಬಿ, ವಾಂತಿ ಮಾಡೋಕೆ ಒದ್ದಾಡಿ ಏನೂ ಬರದೇ ಇದ್ರೆ, ಹೊಟ್ಟೆ ತಿರುಚಿಕೊಂಡಿರಬಹುದು. ಬೆಳಗಾಗ್ಲಿ ನೋಡೋಣ ಅನ್ನಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಓಡಿ. ಅದು ಗಂಟೆಗಳ ಲೆಕ್ಕ. ಇದಕ್ಕೇ ನಾವು ಊಟ ಎರಡು ಹೊತ್ತಿಗೆ ಹಂಚ್ತೀವಿ, ಊಟ ಆದ ತಕ್ಷಣ ಓಡಿಸಲ್ಲ.

ಕಪ್ಪು ಮೈ ಆದ್ದರಿಂದ ಬಿಸಿಲೂ ಆಗಲ್ಲ. ಬೇಸಿಗೇಲಿ ವಾಕಿಂಗ್ ಬೆಳಗ್ಗೆ ಆರರ ಒಳಗೆ, ರಾತ್ರಿ ಎಂಟರ ಮೇಲೆ. ರಸ್ತೆ ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸಿ. ನಿಮಗೆ ಸುಟ್ರೆ ಅವಳ ಪಾದಕ್ಕೂ ಸುಡುತ್ತೆ.

ಮರಿ ತಗೊಳ್ಳೋರು ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡಿ. 2017ರ ನಿಯಮದ ಪ್ರಕಾರ ಬ್ರೀಡರ್ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ. ತಾಯಿ ನಾಯಿ ತೋರಿಸಿ ಅನ್ನಿ. ತಾಯಿ ಹೆದರಿ ಮೂಲೆ ಸೇರಿದ್ರೆ, ಇಲ್ಲಾ ತೋರಿಸೋದೇ ಇಲ್ಲ ಅಂದ್ರೆ, ಎದ್ದು ಬನ್ನಿ. ಮೊದಲ ಮೂರ್ನಾಲ್ಕು ತಿಂಗಳಲ್ಲಿ ಮರಿ ಎಷ್ಟು ಥರದ ಜನ, ಸದ್ದು, ವಾಹನ ನೋಡುತ್ತೋ, ಜೀವನಪೂರ್ತಿ ಅಷ್ಟು ಧೈರ್ಯವಾಗಿರುತ್ತೆ.

ಆ ವಾಟ್ಸಾಪ್ ಫಾರ್ವರ್ಡ್

2024ರ ಮಾರ್ಚ್ ನೆನಪಿದೆಯಾ? ಕೇಂದ್ರ ಸರ್ಕಾರ 23 ತಳಿಗಳ ನಾಯಿ ಆಮದು, ಸಾಕಣೆ, ಮಾರಾಟಕ್ಕೆ ತಡೆ ಹಾಕಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸ್ತು. ಪಟ್ಟೀಲಿ ರಾಟ್‌ವೀಲರ್ ಇತ್ತು. ಈಗಾಗಲೇ ಮನೇಲಿರೋವಕ್ಕೆ ಸಂತಾನಹರಣ ಮಾಡಿಸಬೇಕು ಅಂತಾನೂ ಇತ್ತು. ನಮ್ಮ ಬೀದಿ ಗ್ರೂಪಲ್ಲಿ ಅದು ಬರೋ ಹೊತ್ತಿಗೆ "ರಾಟ್‌ವೀಲರ್ ಇದ್ರೆ ಜೈಲು" ಅಂತ ಆಗಿತ್ತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆ ರದ್ದು ಮಾಡ್ತು. ಸಂಬಂಧಪಟ್ಟವರ ಮಾತು ಕೇಳಿ, ಕಾನೂನು ಹೇಳೋ ದಾರೀಲೇ ಹೊಸ ನಿಯಮ ತರಬಹುದು ಅಂತ ಬಾಗಿಲು ತೆರೆದೇ ಇಟ್ಟಿತು.

ನಾವು ಖುಷಿಪಟ್ವಿ. ಆದ್ರೆ ಮುಂದಿನ ತಿಂಗಳೇ, ಮೇನಲ್ಲಿ, ಚೆನ್ನೈನ ಒಂದು ಪಾರ್ಕಲ್ಲಿ ಎರಡು ರಾಟ್‌ವೀಲರ್‌ಗಳು 5 ವರ್ಷದ ಹುಡುಗಿ ಮೇಲೆ ಬಿದ್ದು ತಲೆಗೆ ತುಂಬಾ ಗಾಯ ಮಾಡಿದ್ವು. ಅವಳು ಆ ಪಾರ್ಕಿನ ಕಾವಲುಗಾರರ ಮಗಳು. ಮಾಲೀಕರ ಬಂಧನ ಆಯ್ತು. ಆ ಸುದ್ದಿ ಓದಿ ನಾನು "ಎಲ್ಲಾ ಮಾಲೀಕರದ್ದೇ ತಪ್ಪು, ನಾಯಿದೇನಿಲ್ಲ" ಅಂತ ಸ್ಟೇಟಸ್ ಹಾಕೋಕೆ ಹೋದೆ. ಹಾಕಲಿಲ್ಲ. ಆ ಹುಡುಗಿ ಅಮ್ಮನಿಗೆ ಆ ಸಾಲಿಂದ ಏನು ಸಿಗುತ್ತೆ? ಚಿಕ್ಕ ನಾಯಿಯ ಮಾಲೀಕ ಮಾಡೋ ತಪ್ಪಿಗೆ ಬ್ಯಾಂಡೇಜ್ ಸಾಕಾಗಬಹುದು. ಅದೇ ತಪ್ಪು ನಾನು ಮಾಡಿದ್ರೆ ಒಂದು ಮಗುವಿನ ಜೀವಮಾನ. ತಳಿ ಕೆಟ್ಟದ್ದಲ್ಲ, ಆದ್ರೆ ಅದರ ಜೊತೆ ತಪ್ಪಿಗೆ ಜಾಗ ಕಡಿಮೆ.

ಕಾನೂನೂ ಇದನ್ನೇ ಹೇಳುತ್ತೆ. ಸಾಕುಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ಳದಿದ್ರೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಹಾಗೇ ನೆನಪಿರಲಿ, ಯಾವ ನಾಯಿ ಕಚ್ಚಿದ್ರೂ ಗಾಯವನ್ನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹಾಗಾದ್ರೆ ತಗೋಬೇಕಾ?

ದಿನಕ್ಕೆ ಎರಡು ಗಂಟೆ, ಹತ್ತು ವರ್ಷ ಕೊಡೋಕಾಗುತ್ತಾ? ಕೆಲಸಕ್ಕೆ ಬೇರೆ ಊರಿಗೆ ಹೋದ್ರೆ ಯಾರು ನೋಡ್ಕೊಳ್ತಾರೆ? ಮನೇಲಿರೋ ಪ್ರತಿಯೊಬ್ಬರೂ ಒಪ್ಪಿದ್ದಾರಾ? ಒಂದಕ್ಕೆ "ಇಲ್ಲ" ಅಂದ್ರೂ ಬೇಡ. ಬೀದೀಲಿರೋ ಒಂದು ಮರಿಗೆ ಮನೆ ಕೊಡಿ, ಅದೂ ನಿಮ್ಮನ್ನ ಅಷ್ಟೇ ಪ್ರೀತಿಸುತ್ತೆ.

ಭಾವ ಆ ಯುಗಾದಿ ಆದ್ಮೇಲೆ ಏಳು ತಿಂಗಳು ನಮ್ಮನೆಗೆ ಬರಲಿಲ್ಲ. ದೀಪಾವಳಿಗೆ ಬಂದ್ರು. ಬಂದವರೇ ಮೊದಲು ಫ್ರಿಜ್ ಮೇಲಿನ ಪಟ್ಟಿ ಓದಿದ್ರು, ಮಗನಿಗೂ ಓದಿ ಹೇಳಿದ್ರು. ಈಗ ಅವನಿಗೆ ಅದು ಬಾಯಿಪಾಠ. ಹೋದ ಸಲ ಬಂದಾಗ ನಾನು ಮರೆತು ಒಳಗಿನ ಗೇಟು ತೆರೆದು ಬಿಟ್ಟಿದ್ದೆ. "ಮಾಮಾ, ರೂಲ್ ನಂಬರ್ ನಾಲ್ಕು" ಅಂದ. ನಾಚಿಕೆ ಆಯ್ತು. ಎದ್ದು ಹೋಗಿ ಹಾಕ್ಕೊಂಡು ಬಂದೆ.

ನಿಮ್ಮನೆ ನಾಯಿ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಕಂತಲ್ಲಿ ಕೇಳಿಸ್ತೀನಿ. ಬೆಲ್ಲ ಎದ್ದಳು, ವಾಕಿಂಗ್ ಟೈಮ್ ಆಯ್ತು. ಸಿಗೋಣ.